ಮುರುಗಲು ಮಾರುವ ಇಮೇಲ್ ಯಾಕೆ ಯಾರೂ ಓದುವುದಿಲ್ಲ

ನಮ್ಮ ಕಡೆ ಮನೆಯಲ್ಲೇ ಏನಾದರೂ ಮಾಡಿ ಮಾರುವವರು ಈಗ ಜಾಸ್ತಿ. ಮುರುಗಲು (ಕೋಕಂ, ಪುನರ್ಪುಳಿ) ಸಿಪ್ಪೆ, ಅಪ್ಪೆಮಿಡಿ ಉಪ್ಪಿನಕಾಯಿ, ಜೋನಿ ಬೆಲ್ಲ, ತುಡುವೆ ಜೇನು, ಕಾಳುಮೆಣಸು, ಹಲಸಿನ ಹಪ್ಪಳ. ಸಿರ್ಸಿ, ಸಿದ್ದಾಪುರ, ಯಲ್ಲಾಪುರದಿಂದ ಹಿಡಿದು ಕೆಳಗೆ ಕುಮಟಾ, ಅಂಕೋಲಾವರೆಗೂ ಇದ್ದಾರೆ. ಮಾಲಿನ ಬಗ್ಗೆ ಎರಡು ಮಾತಿಲ್ಲ. ಆದರೆ ಅದೇ ಜನ ಬೆಂಗಳೂರು, ಪುಣೆ, ಮುಂಬೈ ಅಂಗಡಿಗಳಿಗೆ ಕಳಿಸುವ ಮೇಲ್ ನೋಡಿದರೆ ಸಂಕಟ ಆಗುತ್ತದೆ. ಇಷ್ಟು ಒಳ್ಳೆ ಮಾಲು, ಎರಡು ಸಾಲಿನ ಉತ್ತರವೂ ಬರದೆ ಮನೆಯಲ್ಲೇ ಉಳಿಯುತ್ತದಲ್ಲ ಅಂತ.

ನಾನು ಬೆಂಗಳೂರಿನಲ್ಲಿ ದಿನಸಿ ಕಂಪನಿಯೊಂದರ ಖರೀದಿ ವಿಭಾಗದಲ್ಲಿ ಕೆಲವು ವರ್ಷ ಇದ್ದು ಊರಿಗೆ ವಾಪಸ್ ಬಂದವನು. ಗುರುತಿಲ್ಲದವರಿಂದ ಬರುವ ಇಂಥ ಮೇಲ್ ತೆರೆಯುವುದೇ ಅಲ್ಲಿ ಬೆಳಗಿನ ಮೊದಲ ಕೆಲಸ. ಈಗ ಸಿರ್ಸಿಯಲ್ಲಿ ಪರಿಚಯದವರು ತಾವು ಬರೆದದ್ದನ್ನು ಕಳಿಸಿ ‘ಒಂಚೂರು ನೋಡಿ ಕೊಡು ಮಾರಾಯ’ ಅನ್ನುತ್ತಾರೆ. ಹೀಗೆ ಎರಡೂ ಕಡೆ ಕಂಡದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಕುಮಟಾ ಹತ್ತಿರದ ಒಂದು ಮಹಿಳಾ ಸಂಘದವರು ಇತ್ತೀಚೆಗೆ ಒಂದು ಮೇಲ್ ತೋರಿಸಿದರು. ಅವರನ್ನು ಕೇಳಿಯೇ ಇಲ್ಲಿ ಹೇಳುತ್ತಿದ್ದೇನೆ. ವಿಷಯದ ಜಾಗದಲ್ಲಿ ‘ಬಿಸಿನೆಸ್ ಪ್ರಪೋಸಲ್’. ಒಳಗೆ ‘ಗೌರವಾನ್ವಿತ ಸರ್/ಮೇಡಂ, ಸಹ್ಯಾದ್ರಿಯ ಮಡಿಲಲ್ಲಿ, ಅರಬ್ಬಿ ಸಮುದ್ರದ ತಟದಲ್ಲಿ’ ಅಂತ ಶುರು. ಸಂಘ ಹೇಗೆ ಹುಟ್ಟಿತು, ಯಾರು ಉದ್ಘಾಟನೆ ಮಾಡಿದರು, ಯಾವ ಮೇಳದಲ್ಲಿ ಮಳಿಗೆ ಹಾಕಿದ್ದರು, ಎಲ್ಲ ಇತ್ತು. ಮುರುಗಲು ಅನ್ನುವ ಪದ ಮೂರನೇ ಪ್ಯಾರಾದಲ್ಲಿ ಬಂತು. ತಿಂಗಳಿಗೆ ಎಷ್ಟು ಕೆಜಿ ಕೊಡಬಲ್ಲರು ಅನ್ನುವುದು ಎಲ್ಲೂ ಇರಲಿಲ್ಲ. ದರ ಇರಲಿಲ್ಲ. ಕೊನೆಗೆ ‘ತಾವು ನಮ್ಮ ಘಟಕಕ್ಕೆ ಭೇಟಿ ಕೊಟ್ಟು ಪ್ರೋತ್ಸಾಹಿಸಬೇಕು’ ಅಂತ ವಿನಂತಿ.

ಅಡಿಕೆ ಕೊನೆಕೊಯ್ಲಿನ ದಿನ ಅಂಗಳಕ್ಕೆ ಬಂದವರು ಅಜ್ಜನ ಕಾಲದ ಕಥೆ ಶುರು ಮಾಡಿದರೆ ನಾವು ಎಷ್ಟು ಹೊತ್ತು ನಿಂತು ಕೇಳುತ್ತೇವೆ? ಖರೀದಿ ವಿಭಾಗದವರಿಗೆ ದಿನಾ ಅದೇ ಗಡಿಬಿಡಿ. ಅವರು ಕೆಟ್ಟವರಲ್ಲ. ಅವರ ತಲೆಯಲ್ಲಿ ಇರುವ ಪ್ರಶ್ನೆಗಳೇ ನಾಲ್ಕೈದು. ಏನು ಮಾಲು? ತಿಂಗಳಿಗೆ ಎಷ್ಟು ಬರುತ್ತದೆ? ನನಗೆ ಎಷ್ಟಕ್ಕೆ ಬೀಳುತ್ತದೆ? ಎಷ್ಟು ತಿಂಗಳು ಕೆಡದೆ ಇರುತ್ತದೆ? ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ಲೈಸೆನ್ಸ್ ಇದೆಯಾ? ಇದಕ್ಕೆ ಉತ್ತರ ಸಿಗದ ಮೇಲ್ ಎಷ್ಟೇ ಚಂದದ ಭಾಷೆಯಲ್ಲಿ ಇದ್ದರೂ ಹಾಗೇ ಕೆಳಗೆ ಹೋಗುತ್ತದೆ.

ಸಂಘದ ಅಕ್ಕಂದಿರ ಜೊತೆ ಕೂತು ಅದನ್ನೇ ಮತ್ತೆ ಬರೆದೆವು. ವಿಷಯ: ‘ಕುಮಟಾದ ಒಣ ಮುರುಗಲು ಸಿಪ್ಪೆ, ತಿಂಗಳಿಗೆ 40 ಕೆಜಿ’. ಒಳಗೆ ಇಷ್ಟೇ:

‘ನಮಸ್ಕಾರ ಮೇಡಂ. ನಿಮ್ಮ ಜಯನಗರದ ಅಂಗಡಿಯಲ್ಲಿ ಮುರುಗಲು ಸಿರಪ್ ಇದೆ, ಒಣ ಸಿಪ್ಪೆ ಕಾಣಲಿಲ್ಲ. ನಾವು ಕುಮಟಾ ಹತ್ತಿರದ ಮಹಿಳಾ ಸಂಘದವರು. ಸಿಪ್ಪೆಗೆ ಅದರದ್ದೇ ರಸ ಕುಡಿಸಿ ಬಿಸಿಲಲ್ಲಿ ಒಣಗಿಸುತ್ತೇವೆ. ತಿಂಗಳಿಗೆ 40 ಕೆಜಿ ಕೊಡಬಲ್ಲೆವು, 200 ಗ್ರಾಂ ಪ್ಯಾಕೆಟ್‌ನಲ್ಲಿ. ಸಾಗಣೆ ಸೇರಿಸಿದ ದರ ಮತ್ತು ಎಫ್‌ಎಸ್‌ಎಸ್‌ಎಐ ನಂಬರ್ ಕೆಳಗಿದೆ. ಎರಡು ಪ್ಯಾಕೆಟ್ ಸ್ಯಾಂಪಲ್ ನಮ್ಮ ಖರ್ಚಿನಲ್ಲೇ ಕಳಿಸಬಹುದಾ?’

ಮೊದಲ ಸಾಲು ನೋಡಿ. ಅದು ಆ ಒಂದು ಅಂಗಡಿಗೆ ಮಾತ್ರ ಬರೆಯಲು ಸಾಧ್ಯವಿರುವ ಸಾಲು. ಅದನ್ನು ಬರೆಯಬೇಕಾದರೆ ಅಂಗಡಿಯ ವೆಬ್‌ಸೈಟ್ ತೆರೆದು ಹತ್ತು ನಿಮಿಷ ನೋಡಲೇಬೇಕು. ಕೊನೆಯ ಸಾಲೂ ಮುಖ್ಯ. ಅದಕ್ಕೆ ‘ಹೂಂ, ಕಳಿಸಿ’ ಅಂದರೆ ಸಾಕು. ಗುರುತೇ ಇಲ್ಲದವರಿಗೆ ‘ಮೀಟಿಂಗ್ ಕೊಡಿ’, ‘ಆರ್ಡರ್ ಕೊಡಿ’, ‘ಸಿರ್ಸಿಗೆ ಬನ್ನಿ’ ಅಂತ ಮೊದಲ ದಿನವೇ ಕೇಳಿದರೆ ಅವರು ಯೋಚನೆ ಮಾಡುವ ಗೋಜಿಗೇ ಹೋಗುವುದಿಲ್ಲ.

ದರವನ್ನು ಮೊದಲ ಮೇಲ್‌ನಲ್ಲೇ ಹಾಕಬಾರದು, ಮಾತುಕತೆಗೆ ಜಾಗ ಬಿಡಬೇಕು ಅನ್ನುವವರಿದ್ದಾರೆ. ಸಾಫ್ಟ್‌ವೇರ್ ಮಾರುವವರಿಗೆ ಅದು ಸರಿ ಇರಬಹುದು. ಸಿಪ್ಪೆ, ಮೆಣಸು, ಬೆಲ್ಲ ಮಾರುವವರು ದರ ಹಾಕಲೇಬೇಕು ಅನ್ನುವುದು ನನ್ನ ಖಡಾಖಂಡಿತ ಅಭಿಪ್ರಾಯ. ಕಾಳುಮೆಣಸು ಆದರೆ ತೇವಾಂಶ, ಲೀಟರ್ ತೂಕವನ್ನೂ ಬರೆಯಿರಿ. ಲೀಟರಿಗೆ 500 ಗ್ರಾಂ ತೂಗುತ್ತದೋ 550 ತೂಗುತ್ತದೋ ಅನ್ನುವುದರ ಮೇಲೆ ಮೆಣಸಿನ ಬೆಲೆ ನಿಲ್ಲುತ್ತದೆ. ‘ಉತ್ಕೃಷ್ಟ ಗುಣಮಟ್ಟ’ ಅನ್ನುವ ಮಾತಿಗಿಂತ ಈ ಒಂದು ಅಂಕಿಗೆ ಬೆಲೆ ಜಾಸ್ತಿ.

ಇನ್ನೊಂದು ಗಂಭೀರ ವಿಷಯ. ‘ನಮ್ಮ ಜೇನಿನಿಂದ ಸಕ್ಕರೆ ಕಾಯಿಲೆ ಗುಣವಾಗುತ್ತದೆ’, ‘ಮುರುಗಲಿನಿಂದ ಬೊಜ್ಜು ಕರಗುತ್ತದೆ’ ಅಂತ ದಯವಿಟ್ಟು ಬರೆಯಬೇಡಿ. ಆಹಾರ ಪದಾರ್ಥಕ್ಕೆ ರೋಗ ಗುಣಪಡಿಸುವ ಗುಣ ಹಚ್ಚಿ ಮಾರುವುದಕ್ಕೆ ಕಾನೂನಿನಲ್ಲಿ ಅವಕಾಶ ಇಲ್ಲ. ಖರೀದಿಯವರಿಗೆ ಇದು ಚೆನ್ನಾಗಿ ಗೊತ್ತು, ಆ ಸಾಲು ಕಂಡ ಕೂಡಲೇ ಹಿಂದೆ ಸರಿಯುತ್ತಾರೆ. ‘ಸಾವಯವ’ ಅಂತ ಬರೆದರೂ ಅಷ್ಟೇ. ಸರ್ಕಾರದ ಸಾವಯವ ದೃಢೀಕರಣ ವ್ಯವಸ್ಥೆಗಳಾದ ಎನ್‌ಪಿಒಪಿ ಅಥವಾ ಪಿಜಿಎಸ್‌ನ ಪ್ರಮಾಣಪತ್ರ ಇದೆಯಾ ಅಂತ ಮರುಪ್ರಶ್ನೆ ಬರುತ್ತದೆ. ಇಲ್ಲದಿದ್ದರೆ ‘ರಾಸಾಯನಿಕ ಗೊಬ್ಬರ ಹಾಕುವುದಿಲ್ಲ, ಪ್ರಮಾಣಪತ್ರ ಇನ್ನೂ ಮಾಡಿಸಿಲ್ಲ’ ಅಂತ ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ. ಹಾಗೆ ಬರೆದವರ ಮೇಲೆ ನಂಬಿಕೆ ಬರುತ್ತಿತ್ತು ನನಗೆ.

ಹೆಮ್ಮೆ ಪಡಬೇಕಾದ ಕಡೆ ಮಾತ್ರ ನಮ್ಮವರು ಸುಮ್ನೆ ಇರುತ್ತಾರೆ. ಸಿರ್ಸಿ ಸುಪಾರಿಗೆ (ಅಡಿಕೆಗೆ) 2019ರಲ್ಲಿ ಜಿಐ ಟ್ಯಾಗ್, ಅಂದರೆ ಇದು ಈ ಊರಿನದ್ದೇ ವಿಶೇಷ ಅನ್ನುವ ಭೌಗೋಳಿಕ ಗುರುತು, ಬಂದಿದೆ. ಅಂಕೋಲಾದ ಕರಿ ಇಶಾಡ್ ಮಾವಿಗೆ 2023ರಲ್ಲಿ ಬಂತು. ಕರಿ ಇಶಾಡ್ ಹಣ್ಣನ್ನೋ ಅದರ ರಸವನ್ನೋ ಮಾರುವವರು ‘ವಿಶ್ವವಿಖ್ಯಾತ’ ಅನ್ನುವ ಬದಲು ಇದನ್ನು ಒಂದು ಸಾಲಿನಲ್ಲಿ ಹೇಳಬಹುದಲ್ವಾ? ಪ್ಯಾಕೆಟ್ ಮೇಲೆ ಜಿಐ ಗುರುತು ಹಾಕಬೇಕಾದರೆ ಮಾತ್ರ ಅಧಿಕೃತ ಬಳಕೆದಾರರಾಗಿ ನೋಂದಣಿ ಆಗಿರಬೇಕು, ಅದು ನೆನಪಿರಲಿ.

ಒಂದೇ ಮೇಲ್ ಅನ್ನು ನೂರು ಜನಕ್ಕೆ ಕಳಿಸುವುದು, ಅದರಲ್ಲೂ ಎಲ್ಲರ ವಿಳಾಸ ಎಲ್ಲರಿಗೂ ಕಾಣುವ ಹಾಗೆ ಕಳಿಸುವುದು ಬೇಡವೇ ಬೇಡ. ನಿಮ್ಮ ಮೇಲ್ ತೆರೆದವರಿಗೆ ಮೊದಲು ಕಾಣುವುದು ಪ್ರತಿಸ್ಪರ್ಧಿ ಅಂಗಡಿಯವರ ಹೆಸರು. ದುಡ್ಡು ಕೊಟ್ಟು ವಿಳಾಸದ ಪಟ್ಟಿ ತರುವವರೂ ಇದ್ದಾರೆ. ಅದರಲ್ಲಿ ಅರ್ಧಕ್ಕರ್ಧ ಸತ್ತ ವಿಳಾಸ, ಉಳಿದವರು ಸಿಟ್ಟಿನಲ್ಲಿ ಸ್ಪ್ಯಾಮ್ ಒತ್ತುತ್ತಾರೆ. 2024ರ ಫೆಬ್ರವರಿಯಿಂದ ಜಿಮೇಲ್ ಈ ವಿಷಯದಲ್ಲಿ ಬಿಗಿಯಾಗಿದೆ. ಸಾವಿರಕ್ಕೆ ಮೂರು ಜನ ಸ್ಪ್ಯಾಮ್ ಅಂದರೂ ಕಳಿಸಿದವರಿಗೆ ತೊಂದರೆ. ಸ್ವಂತ ಡೊಮೈನ್ ಇದ್ದರೆ ಎಸ್‌ಪಿಎಫ್, ಡಿಕಿಮ್ (ಮೇಲ್ ನಿಜವಾಗಿ ನಿಮ್ಮಿಂದಲೇ ಬಂದದ್ದು ಅಂತ ತೋರಿಸುವ ಸೆಟ್ಟಿಂಗ್) ಸರಿಯಾಗಿ ಹಾಕಿದ್ದಾರಾ ಅಂತ ವೆಬ್‌ಸೈಟ್ ಮಾಡಿಕೊಟ್ಟ ಹುಡುಗನನ್ನು ಕೇಳಿ. ಇಲ್ಲದಿದ್ದರೆ ಎಷ್ಟು ಒಳ್ಳೆ ಮೇಲ್ ಆದರೂ ಸ್ಪ್ಯಾಮ್ ಪೆಟ್ಟಿಗೆಗೆ ಹೋಗಿ ಬೀಳಬಹುದು.

ಹದಿನೆಂಟು ಎಂಬಿಯ ಬ್ರೋಷರ್ ಲಗತ್ತಿಸಬೇಡಿ. ಅಪರಿಚಿತರ ಫೈಲ್ ತೆರೆಯಲು ಕಂಪನಿಗಳಲ್ಲಿ ಎಲ್ಲರೂ ಹೆದರುತ್ತಾರೆ. ಒಂದು ಚಿಕ್ಕ ಫೋಟೋ ಸಾಕು, ಅದೂ ನಿಮ್ಮ ಅಂಗಳದ್ದೇ ಇರಲಿ.

ಎಐ ಬಳಸಿ ಬರೆಸುವವರೂ ಜಾಸ್ತಿ ಆಗಿದ್ದಾರೆ. ಇಂಗ್ಲಿಷ್ ತಿದ್ದಿಸಿಕೊಳ್ಳಿ, ತಪ್ಪಿಲ್ಲ. ಆದರೆ ಪೂರ್ತಿ ಬರೆಸಿದರೆ ಸಿದ್ದಾಪುರದ ಬೆಲ್ಲದ ಮೇಲ್, ಸೂರತ್ತಿನ ಬಟ್ಟೆಯ ಮೇಲ್ ಎರಡೂ ಒಂದೇ ಥರ ಓದಿಸಿಕೊಳ್ಳುತ್ತವೆ. ಅಂಗಡಿಯವರು ಕನ್ನಡದವರು ಅಂತ ಗೊತ್ತಿದ್ದರೆ ಕನ್ನಡದಲ್ಲೇ ಬರೆಯಿರಿ. ಯಾಕೆ ಸಂಕೋಚ?

ಉತ್ತರ ಬರದಿದ್ದರೆ ಒಂದು ವಾರ, ಹತ್ತು ದಿನ ಬಿಟ್ಟು ಮತ್ತೊಮ್ಮೆ ಬರೆಯಬಹುದು. ‘ನಾನು ಕಳಿಸಿದ್ದು ನೋಡಿಲ್ಲವೇ’ ಅಂತ ಅಲ್ಲ. ಹೊಸದೇನಾದರೂ ಹೇಳಲು ಇರಬೇಕು: ಈ ವರ್ಷದ ಮಾಲು ಬಂತು, 100 ಗ್ರಾಂ ಪ್ಯಾಕೆಟ್ ಶುರು ಮಾಡಿದೆವು, ಹೀಗೆ. ಎರಡು ಸಲ ಬರೆದರೂ ಸುದ್ದಿ ಇಲ್ಲ ಅಂದರೆ ಈ ಸೀಸನ್ನಿಗೆ ಅವರನ್ನು ಬಿಟ್ಟುಬಿಡಿ. ಬೇಡ ಅಂದವರಿಗೆ ಮಾತ್ರ ಮತ್ತೆ ಬರೆಯಲೇಬೇಡಿ.

ಸೀಸನ್ ಅಂದಾಗ ಇನ್ನೊಂದು ಮಾತು. ನಮ್ಮಲ್ಲಿ ಮುರುಗಲು ಹಣ್ಣಾಗುವುದು ಏಪ್ರಿಲ್, ಮೇ ತಿಂಗಳಲ್ಲಿ. ಒಣಗಿಸಿ ಪ್ಯಾಕ್ ಮಾಡುವಷ್ಟರಲ್ಲಿ ಮಳೆಗಾಲ. ಆಗ ಎಲ್ಲರೂ ಮೇಲ್ ಕಳಿಸುತ್ತಾರೆ. ಆದರೆ ಊರಿನಲ್ಲಿ ಇಲ್ಲದವರಿಗೆ ಮುರುಗಲು ಬೇಕಾಗುವುದು ಸೆಕೆ ಶುರುವಾದಾಗ, ಅಂಗಡಿಯವರು ಅದಕ್ಕೆ ತಯಾರಿ ಮಾಡುವುದು ಅದಕ್ಕೂ ಮುಂಚೆ. ಹಾಗಾಗಿ ಒಣ ಸಿಪ್ಪೆಯಲ್ಲಿ ಒಂದು ಪಾಲನ್ನು ಗಾಳಿಯಾಡದ ಡಬ್ಬದಲ್ಲಿ ತೆಗೆದಿಡಿ, ಮೇಲ್ ಅನ್ನು ಜನವರಿಯಲ್ಲಿ ಕಳಿಸಿ.