ಸ್ಪ್ರಿಂಗ್ ಅಂದ್ರ ಎಲ್ಲಾ ಒಂದಽ ಅಂತ ನನಗ ಹೇಳಬ್ಯಾಡ್ರಿ

ನನ್ನ ಕಾರಿನ ಮುಂದಿನ ಸ್ಪ್ರಿಂಗ್ ಬದಲಿಸಿದ ಮ್ಯಾಲೆ ಮೂತಿ ಎತ್ತರ ಆಗಿ ನಿಂತೈತಿ, ಅದಕ್ಕ ಇವತ್ತ ಮೂರನೇ ಸಲ ಆ ಗ್ಯಾರೇಜಿಗೆ ಹೋಗಿ ಬಂದೆ. ಮೂರನೇ ಸಲಾನೂ ಅದಽ ಮಾತು, "ಸರ್ರ, ಹೊಸಾ ಸ್ಪ್ರಿಂಗ್ ಅದಾವು, ಒಂದ ಐನೂರ ಕಿಲೋಮೀಟರ್ ಓಡಸ್ರಿ, ತಾವಽ ಕುಂದರ್ತಾವು." 1,100 ಕಿಲೋಮೀಟರ್ ಓಡಿಸೇನ್ರಿ, ಒಂದ ಮಿಲಿಮೀಟರ್ ಕುಂತಿಲ್ಲ. ಮನಿಗೆ ಬಂದು ಚಾ ಸೈತ ಕುಡೀಲಿಲ್ಲ, ಹೊಟ್ಯಾಗ ಬೆಂಕಿ ಬಿದ್ದೈತಿ, ಮದ್ಲ ಇದನ್ನ ಬರದು ಹಾಕ್ತೀನಿ.

ನಂದು ಫಿಯಟ್ ಕಂಪನಿ ಅಬಾರ್ತ್ ಪುಂಟೊ. 2015ರಾಗ ಬಂದ ಗಾಡಿ, 1.4 ಲೀಟರ್ ಟರ್ಬೊ ಪೆಟ್ರೋಲ್, 145 ಹಾರ್ಸ್‌ಪವರ್, ಗ್ರೌಂಡ್ ಕ್ಲಿಯರೆನ್ಸ್ 155 ಮಿಲಿಮೀಟರ್ ಅಷ್ಟಽ. ಸಾದಾ ಪುಂಟೊಕ್ಕಿಂತ ತಗ್ಗು, ನೆಲಾ ಹಿಡಕೊಂಡು ಓಡೂದಽ ಅದರ ಜೀವ. ನಾಕ ವರ್ಷ ರೊಕ್ಕಾ ಕೂಡಿಸಿ ಸೆಕೆಂಡ್ ಹ್ಯಾಂಡ್ ತಗೊಂಡೀನಿ, ತಗೊಂಡ ದಿನಾನಽ ನಾಕೂ ಗಾಲಿ ನಡುವಿನಿಂದ ಮ್ಯಾಲಿನ ಫೆಂಡರ್ ಅಂಚಿನ ತನಕಾ ಟೇಪ್ ಹಿಡದು ಅಳದು ಡೈರ್‍ಯಾಗ ಬರದಿಟ್ಟೀನಿ, ಮುಂದ 355, ಹಿಂದ 352 ಮಿಲಿಮೀಟರ್. ನೆಲದಿಂದ ಅಳದ್ರ ಟೈರಿನ ಗಾಳಿ ಕಮ್ಮಿ ಆದದ್ದು, ಟೈರ್ ಸವದದ್ದು ಎಲ್ಲಾ ಲೆಕ್ಕದಾಗ ಸೇರಿಬಿಡ್ತೈತಿ, ಅದಕ್ಕ ಗಾಲಿ ನಡುವಿನಿಂದ ಅಳೀಬೇಕು.

ಈ ಮಳಿಗಾಲದಾಗ ಗದಗಕ್ಕ ಹೊಂಟಿದ್ವಿ, ಅಣ್ಣಿಗೇರಿ ದಾಟಿದ ಮ್ಯಾಲೆ ನೀರು ತುಂಬಿದ ಗುಂಡ್ಯಾಗ ಎಡಗಡೆ ಗಾಲಿ ಬಿತ್ತು, ಟಣ್ ಅಂತು. ಇಳದು ಬಗ್ಗಿ ನೋಡಿದ್ರ ಸ್ಪ್ರಿಂಗಿನ ಕೆಳಗಿನ ಸುತ್ತು ಮುರದಿತ್ತು. ನಿಧಾನಕ ಹುಬ್ಬಳ್ಳಿಗೆ ತಂದು ಗ್ಯಾರೇಜಿಗೆ ಬಿಟ್ಟೆ. ಮಿಸ್ತ್ರಿ ಮುಂದಿನ ಎರಡೂ ಸ್ಪ್ರಿಂಗ್ ಜೋಡಿ ಬದಲಿಸಿದ, ಅದನ್ನ ಸರಿ ಮಾಡ್ಯಾನ, ಒಂದಽ ಕಡೆ ಹೊಸಾದು ಹಾಕಬಾರದು. ಆದ್ರ ಯಾವ ಸ್ಪ್ರಿಂಗ್ ತರಸ್ತಿ ಅಂತ ನಾ ಎರಡ ಸಲ ಕೇಳಿದಾಗ "ಪುಂಟೊದ್ದಽ ಸರ್ರ, ಸೇಮ್ ಟು ಸೇಮ್" ಅಂದಿದ್ದ. ಬಿಲ್ಲು 9,400 ರೂಪಾಯಿ. ಗಾಡಿ ತಗೊಳ್ಳಾಕ ಹೋದ್ರ ದೂರದಿಂದನಽ ಕಾಣಸ್ತು, ಮೂತಿ ಮ್ಯಾಲೆತ್ತಿ ನಿಂತಿತ್ತು. ಅಳದೆ. ಎಡಕ್ಕ 376, ಬಲಕ್ಕ 375.

ಜ್ಯಾಕಿನಿಂದ ಈಗಷ್ಟ ಇಳಿಸಿದ ಗಾಡಿ ಸ್ವಲ್ಪ ಎತ್ತರನಽ ಇರ್ತೈತಿ, ಅದು ನನಗೂ ಗೊತ್ತೈತಿ, ಹಿಂದ ಮುಂದ ಓಡಿಸಿ ಬಾನೆಟ್ ಒತ್ತಿ ಬಿಟ್ಟು ಮತ್ತ ಅಳದೆ, ಅಷ್ಟಽ. ಲೋವರ್ ಆರ್ಮಿನ (ಗಾಲೀನ ಗಾಡಿಗೆ ಜೋಡಸೂ ಕೆಳಗಿನ ತೋಳು) ಬೋಲ್ಟ್ ಗಾಲಿ ಜೋತು ಬಿದ್ದಾಗ ಬಿಗದ್ಯೋ, ನೆಲದ ಮ್ಯಾಲೆ ನಿಂತಾಗ ಬಿಗದ್ಯೋ ಅಂತ ಕೇಳಿದೆ. ಜೋತು ಬಿದ್ದಾಗ ಬಿಗದ್ರ ಆ ಜೋಡಣ್ಯಾಗಿನ ಬುಷ್‌ನ ರಬ್ಬರ್ ತಿರುಚಿಕೊಂಡು ತಾನೂ ಒಂದ ಸ್ಪ್ರಿಂಗ್ ಆಗಿ ಗಾಡಿ ಎತ್ತಿ ಹಿಡಿತೈತಿ, ಆಮ್ಯಾಲೆ ಲಗೂನ ಹರಿತೈತಿ. "ಹಂಗೆಲ್ಲಾ ಏನ ಇರಂಗಿಲ್ಲ ಸರ್ರ" ಅಂದ. ನಾ ನಿಂತು ಬೋಲ್ಟ್ ಸಡಲ ಮಾಡಿಸಿ, ಗಾಡಿ ನೆಲಕ್ಕ ಇಳಿಸಿ ಮತ್ತ ಬಿಗಿಸಿದೆ. ಇಳದದ್ದು 2 ಮಿಲಿಮೀಟರ್. ಉಳದ 19, 18 ಮಿಲಿಮೀಟರ್ ಎಲ್ಲಿಂದ ಬಂತು ಅಂತ ಕೇಳಿದ್ರ ಉತ್ತರನಽ ಇಲ್ಲ.

ಹಳೇ ಸ್ಪ್ರಿಂಗ್ ಕೊಡ ಅಂದ್ರ ಗುಜರಿಗೆ ಹಾಕೀವಿ ಅಂದ. ಸುಳ್ಳು! ಹಿಂದ ಸೈಲೆನ್ಸರ್ ರಾಶಿ ಬುಡಕ ಎರಡೂ ಬಿದ್ದಿದ್ವು, ನಾನಽ ಹುಡುಕಿ ತಗೊಂಡು ಬಂದೆ. ಪಡಸಾಲ್ಯಾಗ ಪೇಪರ್ ಹಾಸಿ ಸೀಮೆಎಣ್ಣಿ ಹಚ್ಚಿ ಒರಸಿದೆ, ಮಣ್ಣು ಗ್ರೀಸು ಹೋದ ಮ್ಯಾಲೆ ನಡುವಿನ ಸುತ್ತಿನ ಮ್ಯಾಲೆ ಎರಡ ಬಣ್ಣದ ಗೆರಿ ಕಂಡ್ವು, ಒಂದ ಹಳದಿ, ಅದರ ಬಾಜೂಕ ಒಂದ ಹಸರು. ಆ ಗೆರಿ ಚಂದಕ್ಕ ಹಚ್ಚಿದ್ದಲ್ಲ ಮಾರಾಯ್ರ, ಕಾರ್ಖಾನ್ಯಾಗ ಯಾವ ಸ್ಪ್ರಿಂಗ್ ಯಾವ ಗಾಡಿಗೆ ಅಂತ ಗುರ್ತು ಹಿಡ್ಯಾಕ ಹಚ್ಚಿದ್ದು. ಹೊಸಾ ಸ್ಪ್ರಿಂಗಿನ ಮ್ಯಾಲೆ ಬಗ್ಗಿ ಟಾರ್ಚ್ ಬಿಟ್ಟು ನೋಡಿದ್ರ ಬಣ್ಣನಽ ಬ್ಯಾರೆ, ಎರಡೂ ಕಡೆ ಬಿಳಿ. ಇಷ್ಟ ನೋಡಾಕ ಅರ್ಧಾ ನಿಮಿಷ ಸಾಕಿತ್ತು ಆ ಮನಷ್ಯಾಗ.

ನಮ್ಮ ಸ್ವಾದರಮಾವ ಲೇಥ್ ಮ್ಯಾಲೆ ಕೆಲಸ ಮಾಡಿದವರು, ಅವರ ವರ್ನಿಯರ್ (ದಪ್ಪ ಅಳಿಯೂ ಮಾಪಕ) ತಂದು ಬಣ್ಣಾ ಕೆರದು ಮೂರ ಜಾಗಾದಾಗ ತಂತಿ ದಪ್ಪ ಅಳದ್ವಿ. ಬಣ್ಣಾ ಕೆರೀದಽ ಅಳದ್ರ ಅದರ ದಪ್ಪಾನೂ ಸೇರಿ ಲೆಕ್ಕ ಹಾಳ. ಹಳೇದು 12, ಹೊಸಾದು 12.5. ಸುತ್ತಿನ ಅಗಲ ಅಷ್ಟಽ, ತುದಿಯಿಂದ ಎಣಿಸಿದ್ರ ಸುತ್ತೂ ಅಷ್ಟಽ, ಬಲಗಡೆದು ಮುರದಿರಲಿಲ್ಲಲ್ಲಾ, ಬಿಚ್ಚಿಟ್ಟಾಗ ಅದರ ಉದ್ದಾನೂ ಹೊಸಾದರಷ್ಟಽ ಇತ್ತು. "ನೋಡ್ರಿ ಸರ್ರ, ಎತ್ತರ ಅಷ್ಟಽ ಐತಲ್ಲಾ" ಅಂತ ಬಾಜೂ ಬಾಜೂ ಇಟ್ಟು ತೋರ್ಸಿದ್ನಲ್ಲಾ ಅವಾ, ಅಲ್ಲೇ ಇರೂದ ಮೋಸ. ಬಿಚ್ಚಿಟ್ಟ ಸ್ಪ್ರಿಂಗಿನ ಉದ್ದ ಗಾಡಿ ಎತ್ತರ ಹೇಳಂಗಿಲ್ಲ, ಭಾರ ಬಿದ್ದ ಮ್ಯಾಲೆ ಎಷ್ಟ ಕುಗ್ಗತೈತಿ ಅನ್ನೂದು ಹೇಳತೈತಿ. ಸ್ಪ್ರಿಂಗಿನ ಬಿಗಿ ತಂತಿ ದಪ್ಪದ ನಾಕನೇ ಘಾತಕ್ಕ ತಕ್ಕಂಗ ಏರ್ತೈತಿ, ಅಂದ್ರ ದಪ್ಪ × ದಪ್ಪ × ದಪ್ಪ × ದಪ್ಪ. ಅರ್ಧಾ ಮಿಲಿಮೀಟರ್ ಅಂದ್ರ ಕಣ್ಣಿಗೆ ಏನೂ ಅಲ್ಲ, ಆದ್ರ 12ರಿಂದ 12.5 ಆದ್ರ ಬಿಗಿ ಸುಮಾರು 18 ಪರ್ಸೆಂಟ್ ಜಾಸ್ತಿ. ಒಂದ ಮುಂದಿನ ಸ್ಪ್ರಿಂಗ್ ಮ್ಯಾಲೆ 350 ಕೆ.ಜಿ. ಭಾರ ಹಿಡೀರಿ, ಒಂದ ಮಿಲಿಮೀಟರ್ ಕುಗ್ಗಾಕ 2.5 ಕೆ.ಜಿ. ಬೇಕಾಗೂ ಸ್ಪ್ರಿಂಗ್ ಆದ್ರ 140 ಮಿಲಿಮೀಟರ್ ಕುಗ್ಗತೈತಿ, 18 ಪರ್ಸೆಂಟ್ ಬಿಗಿ ಆದ್ರ 119ಕ್ಕ ನಿಂತುಬಿಡ್ತೈತಿ. ಫರಕು 21. ನನ್ನ ಟೇಪಿಗೆ ಸಿಕ್ಕದ್ದೂ ಹೆಚ್ಚುಕಮ್ಮಿ ಅಷ್ಟಽ!

ಈ ಲೆಕ್ಕ ಹಿಡಕೊಂಡು ಹೋಗಿ ಪಾರ್ಟಿನ ಡಬ್ಬಿ ತಗಿಸಿ ನೋಡಿದ ಮ್ಯಾಲೆ ಬಾಯಿ ಬಿಟ್ಟ, ತರಿಸಿದ್ದು ಡೀಸೆಲ್ ಗಾಡಿ ಸ್ಪ್ರಿಂಗ್. ಡೀಸೆಲ್ ಎಂಜಿನ್ ಭಾರ, ಅದಕ್ಕ ಮುಂದಿನ ಸ್ಪ್ರಿಂಗ್ ಬಿಗಿ ಕೊಟ್ಟಿರ್ತಾರ, ಅದನ್ನ ತಂದು ಪೆಟ್ರೋಲ್ ಗಾಡಿಗೆ ಹಾಕಿದ್ರ ಮೂತಿ ಏಳದ ಇನ್ನೇನ ಮಾಡತೈತಿ? ತಪ್ಪಾತು ಅಂದಿದ್ರ ನಾ ಸುಮ್ಮನ ಬರ್ತಿದ್ದೆ, ಮನಷ್ಯಾ ಅಂದ ಮ್ಯಾಲೆ ತಪ್ಪು ಆಗತೈತಿ. ಅದು ಬಿಟ್ಟು ಏನಂದ ಗೊತ್ತೇನ್ರಿ? "ಒಂದ ಸುತ್ತು ಗ್ಯಾಸ್ ಕಟರ್‌ಲೆ ಕಟ್ ಮಾಡೂಣ್ರಿ, ಲೆವೆಲ್ ಬರ್ತೈತಿ." ಕಾಸಿ ಕಟ್ ಮಾಡಿದ್ರ ಆ ಜಾಗಾದಾಗ ಉಕ್ಕಿನ ಹದಾ ಹೋಗತೈತಿ, ಸುತ್ತು ಕಮ್ಮಿ ಆದ್ರ ಸ್ಪ್ರಿಂಗ್ ಇನ್ನಷ್ಟ ಬಿಗಿ ಆಗತೈತಿ, ಸ್ಪ್ರಿಂಗಿನ ತುದಿ ತನ್ನ ಜಾಗಾದಾಗ ಸರಿಯಾಗಿ ಕುಂದರಂಗಿಲ್ಲ, ಗಾಲಿ ಗುಂಡ್ಯಾಗ ಜೋತು ಬಿದ್ದಾಗ ಸಡಲ ಆಗಿ ಜಾಗಾ ಬಿಟ್ಟು ಸರದ್ರ ಯಾರ ಜವಾಬ್ದಾರಿ? ಹಿಂದಿನ ಸೀಟಿನ್ಯಾಗ ನನ್ನ ಮಗಳು ಕುಂತಿರ್ತಾಳ. ಬ್ಯಾಡ ಅಂದ್ರ, ಹಿಂದಿನ ಸ್ಪ್ರಿಂಗಿಗೆ ರಬ್ಬರ್ ಬಫರ್ ತುರುಕಿ ಹಿಂದನೂ ಎತ್ತಿಬಿಡೂಣು ಅಂತಾನ. ಅಂದ್ರ ಮುಂದ ಮಾಡಿದ ತಪ್ಪಿಗೆ ಹಿಂದನೂ ಹಾಳ ಮಾಡೂದು!

ಹೊಸಾ ಸ್ಪ್ರಿಂಗ್ ಕುಂದರ್ತಾವು ಅನ್ನೂ ಮಾತಿಗೂ ಒಂದ ಮಿತಿ ಐತ್ರಿ. ಕಾರ್ಖಾನ್ಯಾಗ ಪೂರ್ತಿ ಒತ್ತಿ ಬಿಟ್ಟು ಕುಂದರಸೇನಽ ಕಳಸ್ತಾರ, ಆಮ್ಯಾಲೆ ಕುಂದರೂದು ಚೂರು ಪಾರು, ಬಟ್ಟಿನ ದಪ್ಪದಷ್ಟು ಅಲ್ಲ.

ಈಗ ಗಾಡಿ ಹ್ಯಾಂಗ ಆಗೇತಿ ಅಂದ್ರ, ಮುಂದಿನ ಎತ್ತರ ಬದಲಾದ ಕೂಡಲೇ ಕ್ಯಾಂಬರ್ (ಗಾಲಿ ಒರಗಿ ನಿಲ್ಲೂ ಕೋನ), ಟೋ (ಗಾಲಿ ಒಳಗ ಹೊರಗ ತಿರಗಿ ನಿಲ್ಲೂ ಕೋನ) ಎರಡೂ ಬದಲಾಗ್ಯಾವು, ಅಲೈನ್‌ಮೆಂಟ್ ಸೈತ ಮಾಡಿ ಕೊಟ್ಟಿಲ್ಲ, ಟೈರಿನ ಅಂಚು ಒಂದ ಕಡೆ ಸವ್ಯಾಕ ಹತ್ತೈತಿ. ಹೆಡ್‌ಲೈಟ್ ಬೆಳಕು ಮ್ಯಾಲೆ ಹೊಂಟೈತಿ, ರಾತ್ರಿ ಕುಸುಗಲ್ ರೋಡಿನ್ಯಾಗ ಎದುರಿಗೆ ಬರೋರೆಲ್ಲಾ ಡಿಪ್ಪರ್ ಹೊಡದು ಬೈತಾರ, ಅವರದೇನ ತಪ್ಪು. 80 ದಾಟಿದ್ರ ಸ್ಟೇರಿಂಗ್ ಹಗರ ಅನಸ್ತೈತಿ, ತಿರುವಿನ್ಯಾಗ ಮದ್ಲಿನಂಗ ಗಾಡಿ ನಂಬಾಕ ಧೈರ್ಯ ಇಲ್ಲ. ರೊಕ್ಕಾ ವಾಪಸ್ ಕೇಳಿದ್ರ "ಹಾಕಿದ ಮಾಲು ವಾಪಸ್ ತಗೊಳ್ಳಂಗಿಲ್ಲ ಸರ್ರ, ನೀವಽ ಮದ್ಲ ನೋಡಬೇಕಿತ್ತು." ನಾ ನೋಡಬೇಕಿತ್ತಂತ! ವರ್ನಿಯರ್ ಅವನ ಟೇಬಲ್ ಮ್ಯಾಲೇ ಧೂಳ ತಿಂತಾ ಬಿದ್ದಿತ್ತು.

ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆ ಯಾರ ಹಂತೇಕರ ಅಬಾರ್ತ್ ಪುಂಟೊದ ಮುಂದಿನ ಒರಿಜಿನಲ್ ಸ್ಪ್ರಿಂಗ್ ಜೋಡಿ ಇದ್ರ ತಿಳಸ್ರಿ. ಬರೇ ಫೋಟೋ ಬ್ಯಾಡ. ಬಣ್ಣಾ ಕೆರದು ತಂತಿ ದಪ್ಪ ಅಳೀರಿ, ಸುತ್ತು ಎಣಸ್ರಿ, ಸೀಮೆಎಣ್ಣಿ ಹಚ್ಚಿ ಒರಸಿ ಹಳದಿ ಹಸರು ಗೆರಿ ಅದಾವೇನು ನೋಡಿ ಹೇಳ್ರಿ. ಎಲ್ಲೀತನಕಾ ಬಾ ಅಂತೀರಿ ಅಲ್ಲೀತನಕಾ ನಾನಽ ಬರ್ತೀನಿ.