ಎಲೆಕ್ಟ್ರಿಕಲ್ ಮಾಸ್ಟರ್ಸ್: ಕೆಲಸಕ್ಕೆ ಮೊದಲೋ, ಆಮೇಲೋ?

ಪರ: ಕಾವು ಆರುವ ಮುನ್ನ ಓದಿಬಿಡಿ

ಪದವಿ ತರಗತಿಯಲ್ಲಿ ಸ್ವಿಚ್ ಎಂದರೆ ಒಂದು ಓರೆ ಗೆರೆ. ಮುಚ್ಚಿದರೆ ಕರೆಂಟ್ ಹರಿಯುತ್ತದೆ, ತೆರೆದರೆ ನಿಲ್ಲುತ್ತದೆ. ಪರೀಕ್ಷೆಗೆ ಅಷ್ಟು ಸಾಕು. ಇವತ್ತಿನ ಚಾರ್ಜರ್‌ಗಳೊಳಗಿನ ಗ್ಯಾಲಿಯಂ ನೈಟ್ರೈಡ್ ಸ್ವಿಚ್ಚುಗಳು ಕೆಲವೇ ನ್ಯಾನೊಸೆಕೆಂಡುಗಳಲ್ಲಿ ತೆರೆದು ಮುಚ್ಚುತ್ತವೆ. ಒಂದು ಸೆಂಟಿಮೀಟರ್ ತಂತಿಗೆ ಸುಮಾರು 10 ನ್ಯಾನೊಹೆನ್ರಿ ಇಂಡಕ್ಟೆನ್ಸ್, ಅಂದರೆ ಕರೆಂಟಿನ ಬದಲಾವಣೆಯನ್ನು ತಡೆಯುವ ಗುಣ, ಇರುತ್ತದೆ. ನ್ಯಾನೊಸೆಕೆಂಡಿಗೆ 5 ಆಂಪಿಯರ್‌ನಂತೆ ಕರೆಂಟ್ ಬದಲಾದರೆ ಆ ತುಣುಕಿನ ಮೇಲೇ 50 ವೋಲ್ಟ್ ಏಳುತ್ತದೆ. ಸರ್ಕ್ಯೂಟ್ ಚಿತ್ರದಲ್ಲಿ ಬರೆದೇ ಇಲ್ಲದ ಭಾಗವೊಂದು ಸ್ವಿಚ್ಚನ್ನು ಸುಡಬಹುದು. ಸೂತ್ರವೇನೋ ಪದವಿಯಲ್ಲಿ ಕಲಿತದ್ದೇ. ಕಾಣದ ಆ ಭಾಗವನ್ನು ಕಾಣುವ ಕಣ್ಣು ಬರಬೇಕಾದರೆ ವಿದ್ಯುತ್ಕಾಂತ ಸಿದ್ಧಾಂತ, ಸೆಮಿಕಂಡಕ್ಟರ್ ಭೌತಶಾಸ್ತ್ರ, ಕಂಟ್ರೋಲ್ ಮೂರನ್ನೂ ಒಂದೇ ಮೇಜಿನ ಮೇಲೆ ಹರಡಿಕೊಂಡು ಕೂರುವ ಬಿಡುವು ಬೇಕು. ನನ್ನ ಲೆಕ್ಕದಲ್ಲಿ ಮಾಸ್ಟರ್ಸ್ ಎಂದರೆ ಆ ಬಿಡುವು.

ಅಂಥ ಬಿಡುವಿನಲ್ಲಿ ಏನು ಹುಟ್ಟಬಹುದು ಎಂಬುದಕ್ಕೆ 1937ರ ಒಂದು ಪ್ರಬಂಧವಿದೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಮಾಸ್ಟರ್ಸ್ ಓದುತ್ತಿದ್ದ 21 ವರ್ಷದ ಕ್ಲಾಡ್ ಶಾನನ್, ರಿಲೇಗಳ (ವಿದ್ಯುತ್ತಿನಿಂದಲೇ ತೆರೆದು ಮುಚ್ಚುವ ಸ್ವಿಚ್ಚುಗಳ) ತೆರೆ-ಮುಚ್ಚಾಟವನ್ನು ಜಾರ್ಜ್ ಬೂಲ್‌ನ ಸರಿ-ತಪ್ಪುಗಳ ಬೀಜಗಣಿತದಲ್ಲಿ ಬರೆಯಬಹುದೆಂದು ತೋರಿಸಿದರು. ಡಿಜಿಟಲ್ ಸರ್ಕ್ಯೂಟ್ ವಿನ್ಯಾಸಕ್ಕೆ ತಳಪಾಯ ಹಾಕಿದ ಬರಹ ಅದು, ಪಿಎಚ್‌ಡಿಯದೂ ಅಲ್ಲ, ಮಾಸ್ಟರ್ಸ್‌ನದು.

ಪವರ್ ಸಿಸ್ಟಮ್ಸ್ (ವಿದ್ಯುತ್ ಉತ್ಪಾದಿಸಿ ಸಾಗಿಸುವ ಜಾಲದ ಓದು) ಹಳೆಯ ವಿಷಯ, ಅಲ್ಲಿ ಇನ್ನೇನು ಓದುವುದಿದೆ ಎನ್ನುವವರಿದ್ದಾರೆ. 2016ರ ಸೆಪ್ಟೆಂಬರ್ 28ರಂದು ದಕ್ಷಿಣ ಆಸ್ಟ್ರೇಲಿಯಾ ರಾಜ್ಯ ಪೂರ್ತಿ ಕತ್ತಲಾಯಿತು. ಬಿರುಗಾಳಿಗೆ ಪ್ರಸರಣ ಮಾರ್ಗಗಳು ಉರುಳಿ, ಸುಮಾರು ಎರಡು ನಿಮಿಷದಲ್ಲಿ ವೋಲ್ಟೇಜ್ ಆರು ಸಲ ಕುಸಿಯಿತು. ಹಲವು ಗಾಳಿ ಟರ್ಬೈನುಗಳ ಕಂಟ್ರೋಲ್‌ನಲ್ಲಿ, ಇಂತಿಷ್ಟು ಕುಸಿತಗಳಾದ ಮೇಲೆ ಉತ್ಪಾದನೆ ತಗ್ಗಿಸಬೇಕೆಂಬ ಸೆಟ್ಟಿಂಗ್ ಇತ್ತು. ಅವು ಹಾಗೇ ಮಾಡಿದವು. ಕೊರತೆಯ ಭಾರವೆಲ್ಲ ಪಕ್ಕದ ರಾಜ್ಯದಿಂದ ಬರುವ ಮಾರ್ಗದ ಮೇಲೆ ಬಿದ್ದು, ಅದೂ ಟ್ರಿಪ್ ಆಯಿತು. ಉಗಿ ಟರ್ಬೈನಿನ ಭಾರವಾದ ರೋಟರ್ ಇಂಥ ಏರುಪೇರನ್ನು ತುಸು ಹೊತ್ತು ತಾಳಿಕೊಳ್ಳುತ್ತದೆ. ಗಾಳಿ, ಸೌರ ವಿದ್ಯುತ್ತನ್ನು ಜಾಲಕ್ಕೆ ಸೇರಿಸುವ ಇನ್ವರ್ಟರ್‌ನಲ್ಲಿ ತಿರುಗುವುದೇ ಏನೂ ಇಲ್ಲ, ಅದರ ನಡತೆಯೆಲ್ಲ ಬರೆದಿಟ್ಟ ಪ್ರೋಗ್ರಾಮ್. ಅದನ್ನು ಬರೆಯುವವರು ಯಾರು? ನಾಲ್ಕು ವರ್ಷದ ಪದವಿಯ ಕೊನೆಯ ಸೆಮಿಸ್ಟರಿನಲ್ಲಿ ಒಂದು ಐಚ್ಛಿಕ ವಿಷಯ ಓದಿಕೊಂಡವರ ಕೈಗೆ ಅದನ್ನು ಕೊಡಲು ನನಗಂತೂ ಧೈರ್ಯ ಸಾಲದು.

ಆಮೇಲೆ ಓದಿದರಾಯಿತು ಎನ್ನುತ್ತಾರೆ. ದಿನವಿಡೀ ದುಡಿದು ಬಂದು ರಾತ್ರಿ ವಿದ್ಯುತ್ಕಾಂತ ಸಿದ್ಧಾಂತದ ಮ್ಯಾಕ್ಸ್‌ವೆಲ್ ಸಮೀಕರಣಗಳ ಮುಂದೆ ಕೂತವರನ್ನು ಕೇಳಿ ನೋಡಿ. ಎರಡನೇ ಪುಟಕ್ಕೇ ಕಣ್ಣು ಎಳೆಯುತ್ತದೆ.

ವಿರೋಧ: ಮೊದಲು ಸೈಟಿನ ಕಂಟ್ರೋಲ್ ಪ್ಯಾನೆಲ್ ಮುಂದೆ ನಿಲ್ಲಿ

ಶಾನನ್ ಕಥೆಯನ್ನು ಅರ್ಧಕ್ಕೇ ನಿಲ್ಲಿಸಲಾಗಿದೆ. ಎಂಐಟಿಯಲ್ಲಿ ಅವರು ಬರೀ ಪುಸ್ತಕ ಹಿಡಿದು ಕೂತಿರಲಿಲ್ಲ. ವ್ಯಾನೆವರ್ ಬುಷ್‌ರ ಡಿಫರೆನ್ಷಿಯಲ್ ಅನಲೈಸರ್ ಎಂಬ ದೈತ್ಯ ಲೆಕ್ಕದ ಯಂತ್ರವನ್ನು ನಡೆಸಿಕೊಡುವುದು ಅವರ ಕೆಲಸವಾಗಿತ್ತು. ಅದರ ಕಂಟ್ರೋಲ್‌ನಲ್ಲಿ ನೂರಕ್ಕೂ ಹೆಚ್ಚು ರಿಲೇಗಳಿದ್ದವು. ಬೂಲ್ ಬೀಜಗಣಿತ ಓದಿದವರು ಆಗಲೂ ಬೇಕಾದಷ್ಟು ಮಂದಿ ಇದ್ದರು. ಶಾನನ್‌ಗೆ ಅದು ಹೊಳೆದದ್ದು ಆ ರಿಲೇಗಳ ಜೊತೆ ಏಗುತ್ತಿದ್ದುದರಿಂದ.

ಇವತ್ತಿನ ಎಷ್ಟೋ ಮಾಸ್ಟರ್ಸ್ ಪ್ರಬಂಧಗಳಲ್ಲಿ ಆ ರಿಲೇಗಳೇ ಇರುವುದಿಲ್ಲ. ಸಿಮ್ಯುಲಿಂಕ್ ಎಂಬ ಸಾಫ್ಟ್‌ವೇರ್‌ನಲ್ಲಿ ಒಂದು ಇನ್ವರ್ಟರ್ ಕಟ್ಟುತ್ತಾರೆ, ಹಳೆಯ ಕಂಟ್ರೋಲರ್ ತೆಗೆದು ಹೊಸದನ್ನು ಹಾಕುತ್ತಾರೆ, ಹಾರ್ಮೋನಿಕ್ಸ್ (ಅಲೆಯ ಆಕಾರ ಕೆಡಿಸುವ ಬೇಡದ ಅಂಶ) ಸ್ವಲ್ಪ ಇಳಿದಿದೆ ಎಂದು ಗ್ರಾಫ್ ತೋರಿಸುತ್ತಾರೆ. ಕಂಪ್ಯೂಟರಿನ ಒಳಗೆ ಯಾವುದೂ ಸುಡುವುದಿಲ್ಲ. ಸೆನ್ಸರ್ ಸುಳ್ಳು ಹೇಳುವುದಿಲ್ಲ, ಅರ್ತಿಂಗ್ ಸಡಿಲವಾಗುವುದಿಲ್ಲ.

ಸೈಟಿನಲ್ಲಿ ಹಾಗಲ್ಲ. ಟ್ರಾನ್ಸ್‌ಫಾರ್ಮರನ್ನು ಕಾಯುವ ಡಿಫರೆನ್ಷಿಯಲ್ ರಿಲೇ ಎಂಬ ಸಾಧನ ಒಳಬರುವ, ಹೊರಹೋಗುವ ಕರೆಂಟುಗಳನ್ನು ಹೋಲಿಸುತ್ತದೆ. ಆ ಕರೆಂಟನ್ನು ಅಳೆದು ಕೊಡುವುದು ಸಿಟಿ, ಅಂದರೆ ಕರೆಂಟ್ ಟ್ರಾನ್ಸ್‌ಫಾರ್ಮರ್. ಒಂದು ಬದಿಯ ಸಿಟಿಯ ಪೋಲಾರಿಟಿ (ಜೋಡಣೆಯ ದಿಕ್ಕು) ತಿರುಗುಮುರುಗಾಗಿದ್ದರೆ, ಟ್ರಾನ್ಸ್‌ಫಾರ್ಮರಿಗೆ ಮೊದಲು ವಿದ್ಯುತ್ ಕೊಟ್ಟ ದಿನ ಎಲ್ಲ ಸರಿಯಾಗಿಯೇ ಕಾಣುತ್ತದೆ. ಲೋಡ್ ಏರತೊಡಗಿದಾಗ ಟ್ರಿಪ್! ಕಳೆಯಬೇಕಾದ ಕರೆಂಟುಗಳನ್ನು ರಿಲೇ ಕೂಡಿಸುತ್ತಿರುತ್ತದೆ, ಅಷ್ಟೇ. ಕಾರಣವನ್ನು ಹೀಗೆ ಒಂದೇ ಸಾಲಿನಲ್ಲಿ ಹೇಳಿಬಿಡಬಹುದು. ತಂತಿಗಳನ್ನು ಜೋಡಿಸಿದ ಟರ್ಮಿನಲ್ ಬ್ಲಾಕ್ ಮುಂದೆ ನಿಂತು, ಡ್ರಾಯಿಂಗ್ ಹೇಳುವುದೇ ಒಂದು, ವೈರಿಂಗ್ ಇರುವುದೇ ಇನ್ನೊಂದು ಎಂದು ಪತ್ತೆ ಹಚ್ಚುವುದಕ್ಕೆ ಮಾತ್ರ ರಾತ್ರಿಯೇ ಕಳೆದೀತು. ಲೋಡ್ ಇರುವಾಗ ಸಿಟಿಯ ಸೆಕೆಂಡರಿಯನ್ನು (ರಿಲೇ ಕಡೆಯ ಸುರುಳಿಯನ್ನು) ತೆರೆಯಬಾರದು ಎಂದು ಎಲ್ಲರೂ ಪರೀಕ್ಷೆಯಲ್ಲಿ ಬರೆದಿರುತ್ತಾರೆ. ಬಿಚ್ಚುವ ಮೊದಲು, ಆ ಸುರುಳಿಯ ತುದಿಗಳನ್ನು ಕೂಡಿಸುವ ಶಾರ್ಟಿಂಗ್ ಲಿಂಕ್ ಕಡೆಗೆ ಕೈ ತಾನಾಗಿ ಹೋಗುವಂತಾಗುವುದು ಅಂಥ ಪ್ಯಾನೆಲ್‌ಗಳ ಮುಂದೆಯೇ.

ಇನ್ನೊಂದು ತೊಡಕು ಆಯ್ಕೆಯದು. 22ನೇ ವಯಸ್ಸಿಗೆ ಡ್ರೈವ್ಸ್ (ಮೋಟಾರ್ ನಿಯಂತ್ರಣ), ಪ್ರೊಟೆಕ್ಷನ್ (ಜಾಲದ ರಕ್ಷಣೆ), ಹೈವೋಲ್ಟೇಜ್ ಇವುಗಳಲ್ಲಿ ಒಂದನ್ನು ಆರಿಸಿ ಎಂದರೆ, ಹೆಚ್ಚಿನವರು ಆರಿಸುವುದು ಯಾವ ಮೇಷ್ಟ್ರು ಚೆನ್ನಾಗಿ ಪಾಠ ಮಾಡಿದರು ಎಂಬುದನ್ನು ನೋಡಿ.

ರಾತ್ರಿ ಓದಲಾಗದು ಎಂಬ ವಾದಕ್ಕೆ ಜ್ಯಾಕ್ ಕಿಲ್ಬಿ ಉತ್ತರ. 1947ರಲ್ಲಿ ಪದವಿ ಮುಗಿಸಿ ಮಿಲ್ವಾಕಿಯಲ್ಲಿ ಎಲೆಕ್ಟ್ರಾನಿಕ್ ಬಿಡಿಭಾಗ ಮಾಡುವ ಕಂಪನಿ ಸೇರಿದರು, ಸಂಜೆ ತರಗತಿಗಳಿಗೆ ಹೋಗಿ 1950ರಲ್ಲಿ ಮಾಸ್ಟರ್ಸ್ ಪಡೆದರು. ಅವರು ಇಂಟಿಗ್ರೇಟೆಡ್ ಸರ್ಕ್ಯೂಟ್ ಮಾಡಿದ್ದು 1958ರಲ್ಲಿ; ನೊಬೆಲ್ ಬಂದದ್ದು 2000ದಲ್ಲಿ. ಎಲ್ಲರೂ ಕಿಲ್ಬಿ ಆಗುವುದಿಲ್ಲ, ನಿಜ. ಎಲ್ಲರೂ ಶಾನನ್ ಕೂಡ ಆಗುವುದಿಲ್ಲವಲ್ಲ.

ಚಿಪ್ ವಿನ್ಯಾಸಕ್ಕೋ ಆರ್‌ಎಫ್‌ಗೋ (ರೇಡಿಯೊ ತರಂಗಗಳ ಸರ್ಕ್ಯೂಟುಗಳಿಗೋ) ಹೋಗಬೇಕೆಂದಿರುವವರಿಗೆ ನನ್ನ ಮಾತು ಅಷ್ಟಾಗಿ ಹೊಂದದು. ಅಲ್ಲಿ ಮಾಸ್ಟರ್ಸ್ ಇಲ್ಲದವರ ಅರ್ಜಿಯನ್ನು ಎಷ್ಟೋ ಕಡೆ ತೆರೆದೂ ನೋಡುವುದಿಲ್ಲ. ಪವರ್ ಕಡೆಗೆ ಹೊರಟವರು ಮಾತ್ರ, ಸೀಟು ಸಿಕ್ಕಿದ್ದರೂ ಅದನ್ನು ಮುಂದಿನ ವರ್ಷಕ್ಕೆ ಉಳಿಸಿಕೊಳ್ಳಲು ಸಾಧ್ಯವೇ ಎಂದು ಒಮ್ಮೆ ಕೇಳಿ ನೋಡಿ.