ಬಾತುಕೋಳಿಗೆ ಸಿಟ್ಟು ಬಂದ ಏಳು ನಿಮಿಷ

ಕಾರ್ಟೂನಿನ ಬಾತುಕೋಳಿ ಡ್ಯಾಫಿ ಡಕ್ ಕತ್ತಿ ಹಿಡಿದು ವೀರನ ಹಾಗೆ ತೆರೆ ಮೇಲೆ ನುಗ್ಗುತ್ತಾನೆ. ನಾಲ್ಕು ಹೆಜ್ಜೆ ಮುಂದೆ ಹೋದರೆ ಹಿಂದೆ ಇದ್ದ ಸೀನರಿಯೇ ಮುಗಿದುಹೋಗಿದೆ. ಬರೀ ಬಿಳಿ ಹಾಳೆ. ಚಿತ್ರ ಬರೆಯುವವರ ಹತ್ತಿರ ಸೀನರಿ ಕೇಳುತ್ತಾನೆ. ಬರುತ್ತದೆ, ಆದರೆ ಹಳ್ಳಿಯ ಹೊಲಮನೆ. ಬಟ್ಟೆ ಬದಲಾಯಿಸಿ ರೈತನಾಗಿ ಬರುವಷ್ಟರಲ್ಲಿ ಎಲ್ಲೆಲ್ಲೂ ಹಿಮ. ಸ್ಕೀ ಕಟ್ಟಿಕೊಂಡು ಬಂದರೆ ಹವಾಯಿ.

1953ರ ‘ಡಕ್ ಅಮಕ್’ ಅನ್ನೋ ಕಾರ್ಟೂನ್ ಚಿತ್ರ ಇದು. ನಿರ್ದೇಶನ ಚಕ್ ಜೋನ್ಸ್, ಕಥೆ ಮೈಕೆಲ್ ಮಾಲ್ಟೀಸ್, ದನಿ ಮೆಲ್ ಬ್ಲಾಂಕ್. ಇಡೀ ಚಿತ್ರ ಸುಮಾರು ಏಳು ನಿಮಿಷ. ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ.

ಮೊನ್ನೆ ಗೆಳೆಯರೊಬ್ಬರು, "ಕಾರ್ಟೂನ್ ಅಂದ್ರೆ ಮಗು ಊಟ ಮಾಡ್ಲಿ ಅಂತ ಹಾಕೋದು, ಅದನ್ನ ಸಿನಿಮಾ ಅಂತೀಯಲ್ಲ" ಅಂದರು. ಅಲ್ಲಿ ಸರಿಯಾಗಿ ಉತ್ತರ ಕೊಡೋಕೆ ಆಗಲಿಲ್ಲ. ಈಗ ಬರೆಯುತ್ತಿದ್ದೇನೆ.

ಆ ಬಾತುಕೋಳಿಯಿಂದ ಏನೇನು ಕಿತ್ತುಕೊಳ್ಳುತ್ತಾರೆ ನೋಡಿ. ಮೊದಲು ಜಾಗ ಹೋಯಿತು. ಆಮೇಲೆ ರಬ್ಬರಿನಿಂದ ಅವನನ್ನೇ ಅಳಿಸುತ್ತಾರೆ. ದನಿ ಹೋಗುತ್ತದೆ, ಶಬ್ದ ಬೇಕು ಅಂತ ಬೋರ್ಡ್ ಹಿಡಿದು ನಿಲ್ಲುತ್ತಾನೆ. ಗಿಟಾರ್ ಮೀಟಿದರೆ ಮೆಷಿನ್ ಗನ್ ಸದ್ದು. ಮೈಯನ್ನೂ ಬೇರೆ ಯಾವುದೋ ಪ್ರಾಣಿಯ ಹಾಗೆ ಬರೆದುಬಿಡುತ್ತಾರೆ. ಆದರೂ ಅದು ಡ್ಯಾಫಿ ಅಂತ ನಮಗೆ ಗೊತ್ತಾಗುತ್ತಲೇ ಇರುತ್ತದೆ. ಯಾಕೆ? ಅವನ ಸಿಟ್ಟು ಮಾತ್ರ ಅವನ ಹತ್ತಿರವೇ ಉಳಿದಿದೆ. ನ್ಯಾಯವಾಗಿ ಕೆಲಸ ಮಾಡೋಣ ಅನ್ನೋದಷ್ಟೇ ಅವನ ಬೇಡಿಕೆ. ಕಚೇರಿಯಲ್ಲಿ ಮೇಲಿನವರ ಆಟಕ್ಕೆ ಸಿಕ್ಕಿಕೊಂಡವರಿಗೆ ಈ ಸಿಟ್ಟಿನ ಪರಿಚಯ ಚೆನ್ನಾಗಿಯೇ ಇರುತ್ತದೆ.

ಕೊನೆಯಲ್ಲಿ ಪೆನ್ಸಿಲ್ ಹಿಡಿದಿದ್ದು ಇನ್ನೊಂದು ಕಾರ್ಟೂನ್ ಪಾತ್ರವಾದ ಮೊಲ ಬಗ್ಸ್ ಬನಿ ಅಂತ ತೋರಿಸುತ್ತಾರೆ. ಎಲ್ಲರೂ ಅದನ್ನು ಮೆಚ್ಚುತ್ತಾರೆ. ನನಗೆ ಅದು ಬೇಡವಾಗಿತ್ತು. ಯಾರು ಅಂತ ಗೊತ್ತಾಗದೇ ಇದ್ದಿದ್ದರೆ ಇನ್ನೂ ಜಾಸ್ತಿ ಕಾಡುತ್ತಿತ್ತು.

ಇದರ ಬೇರು 1924ರಲ್ಲಿ ಸಿಗುತ್ತದೆ. ಮೂಕಿ ಚಿತ್ರಗಳ ಹಾಸ್ಯನಟ ಬಸ್ಟರ್ ಕೀಟನ್ ಅವರ ‘ಶೆರ್ಲಾಕ್ ಜೂನಿಯರ್’. ಅದರಲ್ಲಿ ಸಿನಿಮಾ ತೋರಿಸುವ ಹುಡುಗ ನಿದ್ದೆ ಹೋಗುತ್ತಾನೆ, ಕನಸಿನಲ್ಲಿ ನಡೆದು ತೆರೆಯ ಒಳಗೇ ಸೇರಿಬಿಡುತ್ತಾನೆ. ಬೆಂಚಿನ ಮೇಲೆ ಕೂರೋಕೆ ಹೋದರೆ ದೃಶ್ಯ ಬದಲಾಗಿ ರಸ್ತೆಯ ಮಧ್ಯೆ ಬೀಳುತ್ತಾನೆ. ಮುಂದೆ ಬಂಡೆಯ ಅಂಚು, ಸಿಂಹಗಳು, ಸಮುದ್ರ. ಕಂಪ್ಯೂಟರ್ ಇಲ್ಲದ ಕಾಲ. ಪ್ರತಿ ಜಾಗದಲ್ಲೂ ಕ್ಯಾಮೆರಾದಿಂದ ಅವರು ನಿಂತ ದೂರವನ್ನು ಅಳೆದು, ಮೈ ಅದೇ ಭಂಗಿಯಲ್ಲಿ ಇರುವಂತೆ ಚಿತ್ರೀಕರಿಸಿದರು. ಕೀಟನ್ ಮುಖದಲ್ಲಿ ಮಾತ್ರ ಒಂದು ನಗು ಇಲ್ಲ. ಅದೇ ಚಿತ್ರದಲ್ಲಿ ರೈಲಿನ ನೀರಿನ ಕೊಳವೆಯ ದೃಶ್ಯ ಮಾಡುವಾಗ ಅವರ ಕುತ್ತಿಗೆಯ ಮೂಳೆ ಮುರಿದಿತ್ತು. ಅದು ಪತ್ತೆಯಾಗಿದ್ದು ಎಷ್ಟೋ ವರ್ಷಗಳ ಮೇಲೆ.

ಲೋಕಕ್ಕೆ ಹುಚ್ಚು ಹಿಡಿಯಲಿ, ಆದರೆ ಅದರೊಳಗಿನ ಮನುಷ್ಯ ಗಂಭೀರವಾಗಿರಬೇಕು. ಆಗಲೇ ನಗು ಬರೋದು. 1938ರ ‘ಪೋರ್ಕಿ ಇನ್ ವಾಕಿಲ್ಯಾಂಡ್’ ಕಾರ್ಟೂನ್ ನನಗೆ ಅಷ್ಟು ಹಿಡಿಸದೇ ಇರೋದಕ್ಕೂ ಇದೇ ಕಾರಣ. ಅದರ ನಿರ್ದೇಶಕ ಬಾಬ್ ಕ್ಲಾಂಪೆಟ್ ಅವರ ಕಲ್ಪನೆಗೆ ಕೈ ಮುಗಿಯುತ್ತೇನೆ. ಆದರೆ ಎಲ್ಲಿ ನೋಡಿದರೂ ವಿಚಿತ್ರವೇ ಇದ್ದರೆ ಸ್ವಲ್ಪ ಹೊತ್ತಿಗೆ ಯಾವುದೂ ವಿಚಿತ್ರ ಅನ್ನಿಸೋದಿಲ್ಲ. ಅದರ ಬದಲು 1975ರ ಹಾಸ್ಯಚಿತ್ರ ‘ಮಾಂಟಿ ಪೈಥಾನ್ ಅಂಡ್ ದ ಹೋಲಿ ಗ್ರೇಲ್’ ನೋಡಿ. ಕುದುರೆಗೆ ದುಡ್ಡಿರಲಿಲ್ಲ. ರಾಜ ಕುದುರೆ ಓಡಿಸುವವನ ಹಾಗೆ ಕುಣಿಯುತ್ತಾ ಬರುತ್ತಾನೆ, ಹಿಂದೆ ಆಳು ತೆಂಗಿನ ಚಿಪ್ಪು ಬಡಿಯುತ್ತಾನೆ. ಕೋಟೆಯ ಕಾವಲುಗಾರ ಮಾತ್ರ ಬಿಡೋದಿಲ್ಲ. ಈ ದೇಶದಲ್ಲಿ ನಿಮಗೆ ತೆಂಗಿನಕಾಯಿ ಎಲ್ಲಿ ಸಿಕ್ಕಿತು ಅಂತ ವಾದಕ್ಕೇ ನಿಲ್ಲುತ್ತಾನೆ!

ಇನ್ನೊಂದು ಹೇಳದೆ ಮುಗಿಸಲಾರೆ. 1955ರ ‘ಒನ್ ಫ್ರಾಗಿ ಈವ್ನಿಂಗ್’, ಇದೂ ಜೋನ್ಸ್–ಮಾಲ್ಟೀಸ್ ಜೋಡಿಯದ್ದೇ. ಕಟ್ಟಡ ಒಡೆಯುವ ಕೆಲಸದವನಿಗೆ ಅಡಿಪಾಯದ ಕಲ್ಲಿನಲ್ಲಿ ಒಂದು ಪೆಟ್ಟಿಗೆ ಸಿಗುತ್ತದೆ. ಒಳಗಿನ ಕಪ್ಪೆ ಟೋಪಿ ಹಾಕಿ ಹಾಡುತ್ತದೆ, ಕುಣಿಯುತ್ತದೆ. ಬೇರೆ ಯಾರಾದರೂ ನೋಡಿದರೆ ಬರೀ ವಟರ್ ಅನ್ನುತ್ತದೆ. ಹಾಡು ಬಿಟ್ಟರೆ ಚಿತ್ರದಲ್ಲಿ ಒಂದು ಮಾತಿಲ್ಲ. ಕೂಡಿಟ್ಟ ಹಣ ಹಾಕಿ ನಾಟಕಶಾಲೆ ಬಾಡಿಗೆಗೆ ಹಿಡಿಯುತ್ತಾನೆ, ಪಾರ್ಕಿನ ಬೆಂಚಿಗೆ ಬೀಳುತ್ತಾನೆ, ಹುಚ್ಚಾಸ್ಪತ್ರೆ ಸೇರುತ್ತಾನೆ. ಕಣ್ಣಾರೆ ಕಂಡಿದ್ದನ್ನು ಒಬ್ಬರಿಗಾದರೂ ತೋರಿಸೋಕೆ ಆಗದವನ ಸಂಕಟ ಅದು. ಮೊದಲ ಸಲ ನಗುತ್ತಾ ನೋಡಿದ್ದೆ. ಈಗ ಆ ಬೆಂಚಿನ ದೃಶ್ಯ ಬಂದರೆ ಗಂಟಲು ಕಟ್ಟುತ್ತದೆ.

ಕೊನೆಗೆ ಪೆಟ್ಟಿಗೆಯನ್ನು ಹೊಸ ಕಟ್ಟಡದ ಅಡಿಪಾಯದಲ್ಲಿ ಹುದುಗಿಸಿ ಓಡಿಹೋಗುತ್ತಾನೆ. 2056ರಲ್ಲಿ ಆ ಕಟ್ಟಡವನ್ನೂ ಕೆಡವುತ್ತಾರೆ. ಇನ್ನೊಬ್ಬ ಕೆಲಸದವನ ಕೈಗೆ ಪೆಟ್ಟಿಗೆ ಸಿಗುತ್ತದೆ. ಕಪ್ಪೆ ಹಾಡುತ್ತದೆ. ಅವನೂ ಪೆಟ್ಟಿಗೆ ಎತ್ತಿಕೊಂಡು ಹೊರಡುತ್ತಾನೆ.